ಪುರಾಣಕ್ಕೆ ಹೊಸ ಕೇಳುಗರನ್ನು ತಂದ ನಂದಳಿಕೆಯ ಮುದ್ದಣ

ಹೊಸಗನ್ನಡದ ಮುಂಗೋಳಿ ಎಂದೇ ಪ್ರಸಿದ್ಧನಾದ ಕವಿ ಮುದ್ದಣನ ನಿಜನಾಮಧೇಯ ಲಕ್ಷ್ಮೀನಾರಣಪ್ಪ. 1870ರ ಜನವರಿ 24ರಂದು, ಇಂದಿನ ಉಡುಪಿ ಜಿಲ್ಲೆಗೆ ಸೇರಿದ ನಂದಳಿಕೆ ಗ್ರಾಮದಲ್ಲಿ ತಿಮ್ಮಪ್ಪಯ್ಯ ಹಾಗೂ ಮಹಾಲಕ್ಷ್ಮಮ್ಮ ದಂಪತಿಗಳ ಸುಪುತ್ರನಾಗಿ ಜನಿಸಿದ ಈತ ಬದುಕಿದ್ದು ಕೇವಲ ಮೂವತ್ತೊಂದು ವರ್ಷ. ಆ ಅಲ್ಪಾಯುಷ್ಯದಲ್ಲಿಯೇ ನಮ್ಮ ಪುರಾಣ ಕಥೆಗಳನ್ನು ಯಕ್ಷಗಾನ, ಷಟ್ಪದಿ ಮತ್ತು ಗದ್ಯವೆಂಬ ಮೂರು ಪ್ರಕಾರಗಳಲ್ಲಿ ಮರುಸೃಷ್ಟಿಸಿದ ಕೀರ್ತಿ ಆತನದು.

ಮನೆಯ ಬಡತನದಿಂದಾಗಿ ಹೆಚ್ಚಿನ ವಿದ್ಯಾಭ್ಯಾಸ ಸಾಧ್ಯವಾಗಲಿಲ್ಲ. ಮದರಾಸಿನಲ್ಲಿ ವ್ಯಾಯಾಮ ಶಿಕ್ಷಣದ ತರಬೇತಿ ಪಡೆದು, ಉಡುಪಿ ಹಾಗೂ ಕುಂದಾಪುರದ ಶಾಲೆಗಳಲ್ಲಿ ವ್ಯಾಯಾಮ ಶಿಕ್ಷಕನಾಗಿ ಸೇವೆ ಸಲ್ಲಿಸಿದನು. ಹಳಗನ್ನಡ ಕಾವ್ಯಗಳನ್ನು ಅರಗಿಸಿಕೊಂಡದ್ದು ಬಹುಮಟ್ಟಿಗೆ ಸ್ವಂತ ಪರಿಶ್ರಮದಿಂದ.

ಕರಾವಳಿಯ ಮಣ್ಣಿನಲ್ಲಿ ಬೆಳೆದವನಿಗೆ ಆಟ ಮತ್ತು ತಾಳಮದ್ದಳೆಗಳೇ ಮೊದಲ ಪಾಠಶಾಲೆ. ಆತ ರಚಿಸಿದ 'ರತ್ನಾವತಿ ಕಲ್ಯಾಣ' ಮತ್ತು 'ಕುಮಾರ ವಿಜಯ' ಪ್ರಸಂಗಗಳು ಇಂದಿಗೂ ಯಕ್ಷಗಾನ ಪ್ರಿಯರಿಗೆ ಪರಿಚಿತ. ಷಣ್ಮುಖನ ಕಥೆಯುಳ್ಳ 'ಕುಮಾರ ವಿಜಯ'ದಲ್ಲಿ ಕವಿ ಒದಗಿಸುವುದು ಪದ್ಯಗಳನ್ನು ಮಾತ್ರ. ಮಾತು ಅರ್ಥಧಾರಿಯದು, ಹಾಡು ಭಾಗವತನದು. ಹೀಗೆ ಕಥೆ ಊರಿಗೆ ಊರೇ ಕುಳಿತು ನೋಡುವ ಸೊತ್ತಾಗುತ್ತದೆ. ವಾರ್ಧಕ ಷಟ್ಪದಿಯ 'ಶ್ರೀರಾಮ ಪಟ್ಟಾಭಿಷೇಕ'ವಾದರೋ ಒಬ್ಬರು ಓದಿ ಹಲವರು ಕೇಳುವ ಗಮಕ ಪರಂಪರೆಗೆ ಒಪ್ಪುವ ಕಾವ್ಯ.

ಗದ್ಯಕ್ಕೆ ಬಂದಾಗ ಆತನ ಪ್ರತಿಭೆ ಹೊಸ ದಾರಿಯನ್ನೇ ಹಿಡಿಯಿತು. 'ಅದ್ಭುತ ರಾಮಾಯಣ'ದಲ್ಲಿ ಸಹಸ್ರಕಂಠ ರಾವಣನನ್ನು ಸಂಹರಿಸುವವಳು ಸೀತೆ. 'ಶ್ರೀರಾಮಾಶ್ವಮೇಧ'ದಲ್ಲಿ ಕಥೆಗಿಂತ ಮಿಗಿಲಾಗಿ ನೆನಪಿನಲ್ಲಿ ಉಳಿಯುವವಳು ಅದನ್ನು ಕೇಳುವ ಮನೋರಮೆ. ಮಳೆಗಾಲದ ಒಂದು ದಿನ ಮುದ್ದಣನೆಂಬ ಕವಿ ತನ್ನ ಮಡದಿಗೆ ಕಥೆ ಹೇಳಲು ತೊಡಗುತ್ತಾನೆ. ಆಕೆ ಪದ್ಯ ಬೇಡವೆಂದು ಗದ್ಯವನ್ನೇ ಬಯಸುತ್ತಾಳೆ. ಸಂಸ್ಕೃತ ಹೆಚ್ಚಾದರೆ ಆಕ್ಷೇಪಿಸುತ್ತಾಳೆ. ನಡುನಡುವೆ ತಡೆದು ಕೆಣಕುತ್ತಾಳೆ. ತಲೆಬಾಗಿ ಕೇಳಬೇಕಾಗಿದ್ದ ಪುರಾಣ ಗಂಡಹೆಂಡಿರ ಸರಸ ಸಂಭಾಷಣೆಯಾಯಿತು. ಕೇಳುವವರಿಗೂ ಪ್ರಶ್ನಿಸುವ ಅಧಿಕಾರವುಂಟು ಎಂಬುದನ್ನು ಹಳಗನ್ನಡದ ಶೈಲಿಯಲ್ಲಿಯೇ ತೋರಿಸಿದ್ದು ಮುದ್ದಣನ ಹಿರಿಮೆ. ಮನೋರಮೆಯಲ್ಲಿ ಕವಿಪತ್ನಿ ಕಮಲೆಯ ಛಾಯೆಯನ್ನು ಕಂಡವರೂ ಇದ್ದಾರೆ.

ಇಷ್ಟಾದರೂ ಈ ಕೃತಿಗಳನ್ನು ತನ್ನವೆಂದು ಹೇಳಿಕೊಳ್ಳುವ ಧೈರ್ಯ ಆತನಿಗಿರಲಿಲ್ಲ. ಪ್ರಾಚೀನ ಕವಿಯ ಕೃತಿಗಳೆಂಬಂತೆ ಅವನ್ನು ಮೈಸೂರಿಗೆ ಕಳುಹಿಸಿದನು. ಎಂ.ಎ. ರಾಮಾನುಜಯ್ಯಂಗಾರ್ಯರಂತಹ ವಿದ್ವಾಂಸರು ಅವನ್ನು ತಮ್ಮ ಕಾವ್ಯಮಾಲೆಗಳಲ್ಲಿ ಪ್ರಕಟಿಸಿದರು. ಹಳ್ಳಿಯಿಂದ ಬಂದ ವ್ಯಾಯಾಮ ಶಿಕ್ಷಕನ ಬರಹವನ್ನು ಪಂಡಿತಲೋಕ ಮನ್ನಿಸೀತೇ ಎಂಬ ಅಳುಕೇ ಇದಕ್ಕೆ ಕಾರಣವಿದ್ದೀತು. ಕೃತಿಗಳು ಮೆಚ್ಚುಗೆ ಗಳಿಸಿದರೂ ಆ ಮೆಚ್ಚುಗೆ ಆತನ ಹೆಸರಿಗೆ ಸಲ್ಲಲಿಲ್ಲ. ಬಡತನದೊಡನೆ ಕ್ಷಯರೋಗವೂ ಸೇರಿ 1901ರ ಫೆಬ್ರವರಿಯಲ್ಲಿ ಆತ ಇಹಲೋಕ ತ್ಯಜಿಸಿದನು. ಕೃತಿಕಾರ ಯಾರೆಂಬ ಸತ್ಯ ನಾಡಿಗೆಲ್ಲ ತಿಳಿದದ್ದು ಅನಂತರದ ವರ್ಷಗಳಲ್ಲಿ.

ಕರಾವಳಿಯಿಂದ ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದು ಚೆಂಬೂರಿನಂತಹ ಉಪನಗರಗಳಲ್ಲಿ ನೆಲೆನಿಂತ ನಮಗೆ ಮುದ್ದಣನ ಬಾಳು ದೂರದ್ದಲ್ಲ. ಹಗಲು ದುಡಿಮೆ, ಬಿಡುವಿನಲ್ಲಿ ಕಲೆ ಎಂಬುದು ನಮ್ಮಲ್ಲಿ ಅನೇಕರ ಪಾಡು. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಹಳಗನ್ನಡ ಕಠಿಣವೆನಿಸಬಹುದು. ಆದರೆ ರಾಮಕಥೆ ಹೇಳುವಾಗ ಅವರು ನಡುವೆ ಪ್ರಶ್ನೆ ಕೇಳಿದರೆ ಗದರಿಸದೆ ಉತ್ತರಿಸೋಣ. ಮನೋರಮೆ ಕೇಳಿದ್ದರಿಂದಲೇ ಅಲ್ಲವೇ ಮುದ್ದಣನ ಕಥೆಗೆ ಅಷ್ಟು ಜೀವ ಬಂದದ್ದು?