ಎಲುಬಿಗೆ ಉಕ್ಕು ತೊಡಿಸಿದ ಲೇನ್

ಮಧುಗಿರಿ ಸೀಮೆಯ ಬಲಸಮುದ್ರದಂಥ ಊರುಗಳಲ್ಲಿ ಹುಣಸೆಮರದಿಂದ ಬಿದ್ದು ಕಾಲು ಮುರಿದುಕೊಂಡವನಿಗೆ ಬಿದಿರು ದಬ್ಬೆಯ ಕಟ್ಟೇ ಗತಿಯಾಗಿದ್ದ ಕಾಲವೊಂದಿತ್ತು. ಎಲುಬು ಕೂಡುತ್ತಿತ್ತು, ನೆಟ್ಟಗೆ ಕೂಡುವುದು ಮಾತ್ರ ದೈವಾಧೀನ. ಹತ್ತೊಂಬತ್ತನೆಯ ಶತಮಾನದ ಲಂಡನ್ನಿನ ಸ್ಥಿತಿಯೂ ಇದಕ್ಕಿಂತ ಬಹಳ ಮೇಲಾಗಿರಲಿಲ್ಲ. ಅದನ್ನು ಸಹಿಸಲಾರದೆ ಹೋದವರಲ್ಲಿ ವಿಲಿಯಂ ಆರ್ಬತ್‌ನಾಟ್ ಲೇನ್ ಒಬ್ಬರು.

ಲೇನ್ ಹುಟ್ಟಿದ್ದು 1856ರಲ್ಲಿ, ಸ್ಕಾಟ್ಲೆಂಡಿನ ಫೋರ್ಟ್ ಜಾರ್ಜ್ ಎಂಬ ದಂಡಿನ ಕೋಟೆಯಲ್ಲಿ. ತಂದೆ ಸೈನ್ಯದ ವೈದ್ಯರು. ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಕಲಿತು, ಅಲ್ಲಿಯೇ ಅಂಗರಚನೆಯನ್ನು ಬೋಧಿಸುತ್ತಿದ್ದಾಗ ಅವರು ಕೂಲಿಕಾರರ ಶವಗಳನ್ನು ಛೇದಿಸಿ ನೋಡಿದರು. ಕಲ್ಲಿದ್ದಲು ಹೊತ್ತವನ ಎಲುಬು ಒಂದು ಬಗೆ, ಪಾದರಕ್ಷೆ ಹೊಲಿದವನದು ಇನ್ನೊಂದು ಬಗೆ. ಎಲುಬೆಂಬುದು ದುಡಿಮೆಗೆ ತಕ್ಕಂತೆ ಮಾರ್ಪಡುವ ಜೀವಂತ ವಸ್ತು ಎಂದು ಅವರು ಕಂಡುಕೊಂಡರು. ಓರೆಯಾಗಿ ಕೂಡಿದ ಕಾಲು ಕೂಲಿಯವನ ಅನ್ನವನ್ನೇ ಕಸಿಯುವುದೆಂಬುದೂ ಅವರ ಮನಸ್ಸಿಗೆ ನಾಟಿತು.

1890ರ ದಶಕದಲ್ಲಿ ಅವರು ಚರ್ಮ ಹರಿಯದ ಮುರಿತವನ್ನೂ ಕೊಯ್ದು ತೆರೆದು, ತುಂಡುಗಳನ್ನು ಸ್ಕ್ರೂಗಳಿಂದ ಬಿಗಿಯತೊಡಗಿದರು. ಮುಂದೆ ಉಕ್ಕಿನ ಪಟ್ಟಿಗಳು ಬಂದವು. ಇತರ ವೈದ್ಯರು ಹೌಹಾರಿದರು. ಕೀವಾದರೆ ಕಾಲು ಹೋದೀತು, ಪ್ರಾಣವೂ ಹೋದೀತು. ಲೇನರು ಇದಕ್ಕೆ ಕೊಟ್ಟ ಉತ್ತರ ಕಟ್ಟುನಿಟ್ಟಾದ ಶುಚಿ. ಉದ್ದ ಹಿಡಿಯ ಉಪಕರಣಗಳಿಂದಲೇ ಕೆಲಸ. ಕೈಗವಸು ತೊಟ್ಟ ಬೆರಳೂ ಗಾಯವನ್ನು ಮುಟ್ಟಕೂಡದು. 1905ರಲ್ಲಿ ಮುರಿತಗಳ ಶಸ್ತ್ರಚಿಕಿತ್ಸೆಯನ್ನು ಕುರಿತು ಅವರ ಗ್ರಂಥ ಹೊರಬಂದಿತು.

ಶುಚಿ ಗೆದ್ದಲ್ಲಿಯೂ ಲೋಹ ಕೈಕೊಡುತ್ತಿತ್ತು. ಅಂದಿನ ಉಕ್ಕು ದೇಹದ ಉಪ್ಪುನೀರಿನಲ್ಲಿ ತುಕ್ಕು ಹಿಡಿಯುವುದು. ಪಟ್ಟಿ ನಡುವೆ ಮುರಿಯುವುದು. ಎಲುಬಿಗೂ ಪಟ್ಟಿಗೂ ಇರುವುದು ಒಂದು ಓಟದ ಪಂದ್ಯ. ಎಲುಬು ಬೇಗ ಕೂಡಿದರೆ ಭಾರವನ್ನು ತಾನೇ ಹೊರುತ್ತದೆ. ಕೂಡದಿದ್ದರೆ ಹೆಜ್ಜೆ ಹೆಜ್ಜೆಗೂ ಬಾಗುವ ಲೋಹ ದಣಿದು ತುಂಡಾಗುತ್ತದೆ. ಎಲುಬಿನಂತೆ ತನ್ನ ಬಿರುಕನ್ನು ತಾನೇ ಮಾಯಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಜೀವಂತ ಎಲುಬನ್ನು ಅಷ್ಟು ಬಲ್ಲವರಿಗೆ ನಿರ್ಜೀವ ಲೋಹವೇ ತೊಡಕಾದದ್ದು ವಿಚಿತ್ರ. ಪಿಟ್ಸ್‌ಬರ್ಗಿನ ಶರ್ಮನ್ 1912ರಲ್ಲಿ ವನೇಡಿಯಂ ಬೆರೆತ ಉಕ್ಕಿನಿಂದ ಗಟ್ಟಿಯಾದ ಪಟ್ಟಿಯನ್ನು ಮಾಡಿದರು. ತುಕ್ಕಿನ ಕಾಟ ಅದಕ್ಕೂ ತಪ್ಪಲಿಲ್ಲ.

ಮುರಿದ ಪಟ್ಟಿಯನ್ನು ತೆಗೆಯುವುದು ಹೊಸದಾಗಿ ಹಾಕುವುದಕ್ಕಿಂತ ಕಷ್ಟ. ತಲೆ ಹಾರಿದ ಸ್ಕ್ರೂ ಒಳಗೇ ಉಳಿದಿರುತ್ತದೆ. ಟೊಳ್ಳು ಕೊರೆಯುಳಿಯಿಂದ ಅದರ ಸುತ್ತ ಎಲುಬನ್ನೇ ಕೊರೆದು ಎತ್ತಬೇಕು. ಸಡಿಲಗೊಂಡ ಹಳೆಯ ತೂತುಗಳು ಹೊಸ ಸ್ಕ್ರೂವನ್ನು ಹಿಡಿಯವು. ಅಡಗಿದ ಕೀವಿದ್ದರೆ ಮೊದಲು ಅದರ ಶಮನವಾಗಬೇಕು. ಇಂದಿನ ಉತ್ತಮ ಲೋಹಗಳ ಕಾಲದಲ್ಲಿಯೂ ಈ ಕಷ್ಟ ತೀರಿಲ್ಲ.

ಲೇನರು 1913ರಲ್ಲಿ ಬ್ಯಾರನೆಟ್ ಆದರು. ಆ ವೇಳೆಗೆ ಅವರ ಮನಸ್ಸು ಮಲಬದ್ಧತೆಯ ಕಡೆಗೆ ಹೊರಳಿತ್ತು. ಅದಕ್ಕಾಗಿ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆದ ಅವರ ಸಾಹಸವನ್ನು ಮೆಚ್ಚುವುದು ನನ್ನಿಂದಾಗದು. 1925ರಲ್ಲಿ ಆರೋಗ್ಯ ಪ್ರಚಾರದ ಸಂಘವೊಂದನ್ನು ಸ್ಥಾಪಿಸಿದರು. 1933ರಲ್ಲಿ ವೈದ್ಯರ ಪಟ್ಟಿಯಿಂದ ತಮ್ಮ ಹೆಸರನ್ನು ತಾವೇ ತೆಗೆಸಿದರು. 1943ರ ಜನವರಿಯಲ್ಲಿ, ಎಂಬತ್ತಾರನೆಯ ವಯಸ್ಸಿನಲ್ಲಿ, ತೀರಿಕೊಂಡರು.