ಅಲೆಗೊಂದು ನೆಗೆಟಿವ್, ಮೋಡಕ್ಕೊಂದು

ನಮ್ಮ ಮೊಬೈಲ್ ಕ್ಯಾಮೆರಾದಲ್ಲಿ ಎಚ್‌ಡಿಆರ್ ಅಂತ ಒಂದು ಆಪ್ಶನ್ ಇದೆಯಲ್ಲ, ಹೆಚ್ಚುಕಮ್ಮಿ ಅದೇ ಕೆಲಸವನ್ನ 1857ರಲ್ಲೇ ಕೈಯಲ್ಲಿ ಮಾಡಿದವರು ಫ್ರಾನ್ಸಿನ ಗುಸ್ತಾವ್ ಲ ಗ್ರೇ.

1820ರಲ್ಲಿ ಹುಟ್ಟಿದ ಇವರು ಮೊದಲು ಕಲಿತದ್ದು ಚಿತ್ರಕಲೆ. ಆಮೇಲೆ ಫೋಟೋಗ್ರಫಿಗೆ ಬಂದು ಪ್ಯಾರಿಸ್‌ನಲ್ಲಿ ಸ್ಟುಡಿಯೊ ಇಟ್ಟರು. ಆಗಿನ ಗಾಜಿನ ನೆಗೆಟಿವ್‌ಗೆ ನೀಲಿ ಬೆಳಕು ಬಹಳ ಬೇಗ ತಾಗುತ್ತಿತ್ತು. ಕಡಲು ಸರಿಯಾಗಿ ಬಂದರೆ ಆಕಾಶ ಪೂರ್ತಿ ಬಿಳಿ, ಮೋಡ ಸರಿಯಾಗಿ ಬಂದರೆ ಕಡಲು ಕಪ್ಪು.

ದಕ್ಷಿಣ ಫ್ರಾನ್ಸಿನ ಸೆತ್ ಊರು ಇರೋದು ಕಿರಿದಾದ ಒಂದು ನೆಲದ ಪಟ್ಟಿಯ ಮೇಲೆ. ಒಂದು ಕಡೆ ಮೆಡಿಟರೇನಿಯನ್ ಸಮುದ್ರ, ಇನ್ನೊಂದು ಕಡೆ ತೋ ಅನ್ನೋ ಉಪ್ಪುನೀರಿನ ಸರೋವರ. ಅಲ್ಲಿಯ ಅಲೆಗೆ ಒಂದು ನೆಗೆಟಿವ್, ಮೋಡಕ್ಕೆ ಇನ್ನೊಂದು ಬಳಸಿ, ಎರಡನ್ನೂ ಒಂದೇ ಕಾಗದದ ಮೇಲೆ ಪ್ರಿಂಟ್ ಹಾಕಿದರು. ‘ದೊಡ್ಡ ಅಲೆ, ಸೆತ್’ ಹಾಗೆ ಹುಟ್ಟಿದ ಚಿತ್ರ.

ಹೆಸರೇನೋ ಬಂತು, ಆದರೆ ಸ್ಟುಡಿಯೊ ಉಳಿಯಲಿಲ್ಲ. ಜನಕ್ಕೆ ಅಗ್ಗದ, ಪುಟ್ಟ ಭಾವಚಿತ್ರ ಬೇಕಿತ್ತು. ಇವರದ್ದು ದೊಡ್ಡ, ದುಬಾರಿ ಪ್ರಿಂಟ್. ಸಾಲ ಬೆಳೆಯಿತು. 1860ರಲ್ಲಿ ಹೆಂಡತಿ ಮಕ್ಕಳನ್ನ ಬಿಟ್ಟು, ಕಾದಂಬರಿಕಾರ ಅಲೆಕ್ಸಾಂಡರ್ ದ್ಯುಮಾ ಜೊತೆ ಹಡಗು ಹತ್ತಿದರು. ಇಬ್ಬರಿಗೂ ಜಗಳವಾಗಿ ಮಾಲ್ಟಾದಲ್ಲಿ ಇಳಿಯಬೇಕಾಯಿತು. ಮತ್ತೆ ಫ್ರಾನ್ಸಿನಲ್ಲಿ ಬಾಳಲಿಲ್ಲ. ಈಜಿಪ್ಟ್‌ನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು, 1884ರಲ್ಲಿ ಕೈರೋದಲ್ಲಿ ತೀರಿಕೊಂಡರು.

1999ರಲ್ಲಿ ಅದೇ ಅಲೆಯ ಒಂದು ಪ್ರಿಂಟ್ ಲಂಡನ್ ಹರಾಜಿನಲ್ಲಿ 5 ಲಕ್ಷ ಪೌಂಡ್‌ಗೂ ಹೆಚ್ಚಿಗೆ ಹೋಯಿತು. ಆ ಚಿತ್ರ ಎಲ್ಲಾದರೂ ಕಂಡರೆ ಕಡಲೂ ಆಕಾಶವೂ ಸೇರುವ ಗೆರೆಯನ್ನ ಸ್ವಲ್ಪ ಹೊತ್ತು ನೋಡಿ. ಬೆಸುಗೆ ಇರೋದು ಅಲ್ಲೇ.