ಹೆನ್ರಿ ಕ್ಯಾವೆಂಡಿಷ್

ಹಲಸೂರು, ಶಿವಾಜಿನಗರ, ಕೃಷ್ಣರಾಜಪುರಗಳ ಶಾಲೆಗಳಲ್ಲಿ ವಿದ್ಯಾರ್ಥಿಗಳು ಸತುವಿನ ಚೂರುಗಳ ಮೇಲೆ ಆಮ್ಲವನ್ನೆರೆದು ಜಲಜನಕವನ್ನು ತಯಾರಿಸುವುದುಂಟು. ಆ ಅನಿಲವು ಪ್ರತ್ಯೇಕ ವಸ್ತುವೆಂಬುದನ್ನು 1766ರಲ್ಲಿ ತೋರಿಸಿಕೊಟ್ಟವನು ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಷ್. ಪಠ್ಯಪುಸ್ತಕದಲ್ಲಿ ಈತನ ಹೆಸರುಂಟು. ಬಾಳಿದ ಬಗೆ ಇಲ್ಲ.

1731ರ ಅಕ್ಟೋಬರ್ 10ರಂದು ಶ್ರೀಮಂತ ಮನೆತನದಲ್ಲಿ ಜನಿಸಿದ ಈತ ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡನು. ಕೇಂಬ್ರಿಜ್‌ನಲ್ಲಿ ಓದಿ, ಪದವಿಯನ್ನು ಪಡೆಯದೆ ಹೊರಬಂದನು. ಮುಂದೆ ಅಪಾರ ಸಂಪತ್ತು ಕೈಸೇರಿದರೂ ಜೀವನಕ್ರಮ ಬದಲಾಗಲಿಲ್ಲ. ಹಳೆಯ ಮಾದರಿಯ ಮಾಸಿದ ಉಡುಪು, ನಿತ್ಯವೂ ಒಂದೇ ಹಾದಿಯ ನಡಿಗೆ. ಅಪರಿಚಿತರೆದುರು ಮಾತು ತಡವರಿಸುತ್ತಿತ್ತು. ಊಟಕ್ಕೆ ಬೇಕಾದುದನ್ನು ಚೀಟಿಯಲ್ಲಿ ಬರೆದಿಡುತ್ತಿದ್ದನು. ಕೆಲಸದ ಹೆಂಗಸರು ಎದುರಾಗದಿರಲೆಂದು ಹಿಂಬದಿಯಲ್ಲಿ ಬೇರೆ ಮೆಟ್ಟಿಲನ್ನೇ ಕಟ್ಟಿಸಿದನೆಂದು ಪ್ರತೀತಿ. ವಿದ್ವಾಂಸರಿಗಾಗಿ ತನ್ನ ಗ್ರಂಥಭಂಡಾರವನ್ನು ತೆರೆದಿಟ್ಟು, ತಾನೊಂದು ಪುಸ್ತಕವನ್ನೊಯ್ದರೂ ರಸೀದಿ ಬರೆಯುತ್ತಿದ್ದನಂತೆ!

ಆದರೂ ಈತ ಜನರನ್ನು ತೊರೆದವನಲ್ಲ. ರಾಯಲ್ ಸೊಸೈಟಿಯ ಸದಸ್ಯರು ಸೇರುತ್ತಿದ್ದ ಗುರುವಾರದ ಭೋಜನಕ್ಕೆ ವರ್ಷಗಟ್ಟಲೆ ಹೋಗುತ್ತಿದ್ದನು. ಅಲ್ಲಿನವರು ಒಂದು ಉಪಾಯವನ್ನು ಕಂಡುಕೊಂಡಿದ್ದರು. ಈತನ ಮುಖವನ್ನು ನೋಡದೆ, ಬಯಲಿಗೆ ಹೇಳುವಂತೆ ವಿಷಯವನ್ನು ಎತ್ತಬೇಕು. ಹಾಗೆ ಎತ್ತಿದರೆ ಬೆಲೆಯುಳ್ಳ ಉತ್ತರ ದೊರೆಯುವ ಸಂಭವವಿತ್ತು. ಹೊಸಬರಿಗೂ ಇದನ್ನೇ ತಿಳಿಸುತ್ತಿದ್ದರು. ಎಷ್ಟು ಸರಳವಾದ ಸೌಜನ್ಯ! ಆ ಉಪಾಯವಿಲ್ಲದಿದ್ದಲ್ಲಿ ಈತ ಆ ಪಂಕ್ತಿಯಲ್ಲಿ ಉಳಿಯುತ್ತಿದ್ದನೆಂದು ಹೇಳಲಾಗದು.

1797-98ರಲ್ಲಿ, ವೃದ್ಧಾಪ್ಯದಲ್ಲಿ, ಈತ ಕೈಗೊಂಡ ಪ್ರಯೋಗ ಜಗತ್ಪ್ರಸಿದ್ಧವಾಯಿತು. ಗಾಳಿಯ ಅಲುಗಾಟ ತಾಗದಂತೆ ಉಪಕರಣವನ್ನು ಮುಚ್ಚಿದ ಕೋಣೆಯಲ್ಲಿರಿಸಿ, ಹೊರಗಿನಿಂದ ದೂರದರ್ಶಕದ ಮೂಲಕ ಸೀಸದ ಗೋಳಗಳ ಪರಸ್ಪರ ಸೆಳೆತವನ್ನು ಅಳೆದನು. ಭೂಮಿಯ ಸಾಂದ್ರತೆ ನೀರಿನ 5.48ರಷ್ಟೆಂಬುದು ಪ್ರಕಟವಾದ ಫಲ. ಇಂದಿನ ಅಳತೆ 5.51. ದಿನಗಟ್ಟಲೆ ಒಂದೇ ಕಡೆ ದೃಷ್ಟಿ ನೆಡಬಲ್ಲ ಈ ಮನಸ್ಸನ್ನು ಸಮಕಾಲೀನರು ವಿಲಕ್ಷಣವೆಂದು ಕರೆದರು. ಭಾವಶೂನ್ಯನೆಂಬ ಅಪವಾದವೂ ಬಂದಿತು.

ಸ್ವಲೀನತೆ, ಎಂದರೆ ಆಟಿಸಂ, ಎಂಬುದನ್ನು ಲಿಯೋ ಕ್ಯಾನರ್ ಮಕ್ಕಳಲ್ಲಿ ವಿವರಿಸಿದ್ದು 1943ರಲ್ಲಿ. ನರವೈದ್ಯ ಆಲಿವರ್ ಸ್ಯಾಕ್ಸ್ 2001ರಲ್ಲಿ ಕ್ಯಾವೆಂಡಿಷನ ನಡವಳಿಕೆಯಲ್ಲಿ ಅದರ ಲಕ್ಷಣಗಳನ್ನು ಗುರುತಿಸಿದನು. ಮೃತರನ್ನು ಪರೀಕ್ಷಿಸಲಾಗದಾದ್ದರಿಂದ ಇದು ಊಹೆಯೇ ಸರಿ. ಹೆಸರಿಲ್ಲದ ಆ ಕಾಲದಲ್ಲಿ ಈತನಿಗೆ ಆಸರೆಯಾದುದು ಸಂಪತ್ತು. ಇದೇ ಸ್ವಭಾವದ ಬಡವನಿಗೆ ಹಿಂಬದಿಯ ಮೆಟ್ಟಿಲನ್ನು ಕಟ್ಟಿಸಿಕೊಡುವವರಾರು?

1810ರ ಫೆಬ್ರವರಿ 24ರಂದು ಈತ ನಿಧನನಾದನು. ವಿದ್ಯುದಾವೇಶಗಳ ನಡುವಣ ಬಲದ ನಿಯಮವನ್ನು ಕೂಲಂಬನಿಗಿಂತ ಮುಂಚೆಯೇ ಕಂಡುಕೊಂಡಿದ್ದರೂ ಯಾರಿಗೂ ಹೇಳಿರಲಿಲ್ಲ. ಆ ಹಸ್ತಪ್ರತಿಗಳನ್ನು ಪರಿಷ್ಕರಿಸಿ ಮ್ಯಾಕ್ಸ್‌ವೆಲ್ ಪ್ರಕಟಿಸಿದ್ದು 1879ರಲ್ಲಿ.